ಯಜಮಾನನ ಮಗ

ಆ ನಾಡಿನ ಪಂಚಾಂಗದಂತೆ ಐದು ಮೊಲದ ವರ್ಷ, ನಾಲ್ಕು ನಾಯಿಯ ದಿನ. ಗುಡಿಯ ತುದಿಯಲ್ಲಿ ಊದಿದ ಮುಂಜಾನೆಯ ಶಂಖದ ಸದ್ದು ಇನ್ನೂ ಆರಿರಲಿಲ್ಲ. ಅಂಗಳಕ್ಕೆ ಬಂದ ಸಿಪಾಕ್ ಮೂಗು ಮುಚ್ಚಿಕೊಂಡ.

ಅಪ್ಪ ಓಮಕಾನ ಎದುರು ಚಾಪೆ ಹೆಣೆಯುವ ಅಕಾತ್ಲ ಕುಳಿತಿದ್ದ. ಮೈಮೇಲೆ ಕತ್ತಾಳೆ ನಾರಿನ ಒರಟು ಹೊದಿಕೆ, ಕೈಯಲ್ಲಿ ಮೆಕ್ಕೆಜೋಳದ ಗಂಜಿ. ಪಕ್ಕದಲ್ಲಿ ಅವನ ಕೇರಿಯ ನಾಲ್ವರು ಮುದುಕರು. ಹತ್ತಿಬಟ್ಟೆ ಉಡುವ ಕುಲೀನರ ಮನೆಯಲ್ಲಿ ಇಂಥ ಪಂಗಡ!

"ಲೇ ಕುಂಟಾ, ನಮ್ಮ ಅಂಗಳಾನೂ ಸಂತೆ ಮಾಡಿಬಿಟ್ಯಾ?"

"ಅಪ್ಪಾವ್ರು ಕರೆಸಿದ್ರು, ಬುದ್ಧಿ. ನಡ್ಕೊಂಡು ಬಂದೆ."

"ಅದಕ್ಕೆ ನಡೆಯೋದು ಅಂತಾರಾ?"

ಸಿಪಾಕ್ ತನ್ನ ಮಾತಿಗೆ ತಾನೇ ನಕ್ಕ. ಆ ಕಾಲು ಮುರಿದವನೂ ಅವನೇ. ಹಿಂದಿನ ವರ್ಷ ಕಾಲುವೆಯ ಸೇತುವೆಯ ಮೇಲೆ ಅಕಾತ್ಲ ದಾರಿ ಬಿಡಲು ಕೊಂಚ ತಡಮಾಡಿದ್ದ. ಸಿಪಾಕ್ ದೊಣ್ಣೆ ಬೀಸಿದ್ದ. ಸೇತುವೆಯ ತುಂಬ ಜನ. ಆದರೆ ನ್ಯಾಯಾಧಿಕಾರಿಯ ಮಗನ ವಿರುದ್ಧ ಒಬ್ಬನೂ ಬಾಯಿ ಬಿಡಲಿಲ್ಲ. ಸಾಕ್ಷಿಯಿಲ್ಲವೆಂದು ದೂರು ಬಿದ್ದುಹೋಯಿತು. ಹಾಗೆಂದು ತೀರ್ಪು ಹೇಳಿದವನು ಓಮಕಾನೇ. ಮರುದಿನದಿಂದ ಅವನು ಪೀಠ ಹತ್ತಲಿಲ್ಲ. ಮುದುಕನಿಗೆ ಅರಳುಮರಳು ಎಂದು ಸಿಪಾಕ್ ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗಿದ.

ಮುದುಕರು ಎದ್ದು ಹೋದ ಮೇಲೆ ಓಮಕಾ ಮಗನನ್ನು ಕರೆದ.

"ತೋಚ್ ಇವತ್ತು ಸಂತೆಗೆ ಹೋಗ್ತಾನೆ. ನೀನೂ ಹೋಗು. ನೆಟ್ಟಗೆ ನಡ್ಕೊಂಡ್ರೆ ನಾಳೆಯಿಂದ ಈ ಮನೆ ನಿನ್ನ ಕೈಗೆ."

ಜೀತದಾಳು ತೋಚ್ ಬಾಗಿಲ ಬಳಿ ನಿಂತಿದ್ದ. ಕೊರಳಿಗೆ ಹೊಸ ಮರದ ಪಟ್ಟಿ. ಅವನ ಕಡ್ಡಿ ಕುತ್ತಿಗೆಯ ಮೇಲೆ ಅದು ಸಡಿಲವಾಗಿ ಅಲ್ಲಾಡುತ್ತಿತ್ತು. ಒಂದು ಪಟ್ಟಿಯ ಅಳತೆಯೂ ಬಾರದ ಅಪ್ಪನಿಗೆ ಮನೆಯಾಳುವುದು ಬಂದೀತೆ?

"ಇವನು ಓಡಿದ್ರೆ, ಅಪ್ಪಾಜಿ?"

"ಕಾನೂನು ಗೊತ್ತಲ್ಲ."

ಊರಿನ ಕೂಸಿಗೂ ಗೊತ್ತು. ಸಂತೆಯಿಂದ ಓಡಿದ ಆಳು ಅರಮನೆಯ ಹೊಸ್ತಿಲು ದಾಟಿದರೆ ಬಿಡುಗಡೆ. ಅವನನ್ನು ತಡೆಯುವ ಹಕ್ಕು ಇಬ್ಬರಿಗೆ ಮಾತ್ರ. ಬೇರೆ ಯಾರು ಕೈ ಹಾಕಿದರೂ ಆಳಿಗೆ ಬಿಡುಗಡೆ, ಕೈ ಹಾಕಿದವನಿಗೆ ಜೀತ.

"ಯಜಮಾನ, ಇಲ್ಲಾ ಯಜಮಾನನ ಮಗ," ಎಂದ ಓಮಕಾ. "ಮರೀಬೇಡ. ಅನುಮಾನ ಬಂದ್ರೆ ಯಾರನ್ನಾದ್ರೂ ಕೇಳು."

"ಕೇಳೋಕೆ ನಾನೇನು ಚಾಪೆ ಹೆಣೆಯೋನಾ?"

ಅಪ್ಪ ಮಗನ ಕೊರಳನ್ನೇ ನೋಡಿದ. ಸಿಪಾಕ್‌ಗೆ ಖುಷಿಯಾಯಿತು. ಕೆಲವು ದಿನಗಳ ಹಿಂದೆ ಅಪ್ಪ ಅದೇ ಕೊರಳಿಗೆ ದಾರ ಸುತ್ತಿ, ಗಂಟು ಹಾಕಿ, "ಎರಡು ಗೇಣು. ಚೆನ್ನಾಗಿ ತಿಂದಿದ್ದೀಯ," ಎಂದಿದ್ದ. ಯಾಕೆಂದು ಕೇಳಿದ್ದಕ್ಕೆ "ನಿನಗೆ ಸಲ್ಲಬೇಕಾದ್ದು," ಎಂದಷ್ಟೇ ಹೇಳಿದ್ದ. ಹಸಿರುಕಲ್ಲಿನ ಹಾರ, ಇನ್ನೇನು!

ಸಂತೆಯಲ್ಲಿ ಸಿಪಾಕ್ ರೊಟ್ಟಿ ಮಾರುವವಳ ಬುಟ್ಟಿಯಿಂದ ಒಂದನ್ನು ಎತ್ತಿ, ಕಚ್ಚಿ, ಉಪ್ಪಿಲ್ಲವೆಂದು ಅವಳ ಮುಂದೆಯೇ ಉಗಿದ. ತಿರುಗಿ ನೋಡುವಷ್ಟರಲ್ಲಿ ತೋಚ್ ಓಡುತ್ತಿದ್ದ. ಕೊರಳಪಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮೆಣಸಿನಕಾಯಿ ರಾಶಿ ಹಾರಿ, ಅರಮನೆಯ ಕಡೆಗೆ.

ಜನ ಸರಿದು ದಾರಿ ಬಿಟ್ಟರು. ಒಬ್ಬರೂ ಕೈ ಚಾಚಲಿಲ್ಲ. ಪುಕ್ಕಲರು, ಮೊಲಕ್ಕಿಂತ ಕಡೆ ಎನ್ನುವಂತೆ ಸಿಪಾಕ್ ಅವರತ್ತ ಉಗಿದು ಬೆನ್ನಟ್ಟಿದ.

"ಬುದ್ಧೀ, ನಿಂತ್ಕೊಳ್ಳಿ!" ಅಕಾತ್ಲ ಕುಂಟುತ್ತ ಹಿಂದೆ ಬರುತ್ತಿದ್ದ. "ಹಿಡೀಬ್ಯಾಡಿ! ನನ್ನ ಒಂದು ಮಾತು ಕೇಳಿ!"

"ನಿನ್ನ ಮಾತು ಕೇಳೋ ಗತಿ ನಂಗಿನ್ನೂ ಬಂದಿಲ್ಲ ಕಣೋ!"

"ಕಾಲು ಮುಟ್ತೀನಿ ಬುದ್ಧಿ, ಕೇಳಿ!"

"ಮೊದಲು ನಿನ್ನ ಕಾಲು ನೆಟ್ಟಗೆ ಮಾಡ್ಕೋ!"

ಹೊಸ್ತಿಲಿಗೆ ಇನ್ನೊಂದೇ ಹೆಜ್ಜೆ. ಸಿಪಾಕ್ ಹಾರಿ ತೋಚ್‌ನ ಜುಟ್ಟು ಹಿಡಿದ. ಇಬ್ಬರೂ ನೆಲಕ್ಕೆ ಬಿದ್ದರು. ಅರಮನೆಯ ನ್ಯಾಯಾಧಿಕಾರಿ ಹೊರಬಂದ.

"ಹಿಡಿದವನು ಯಾರು?"

"ಯಜಮಾನನ ಮಗ." ಸಿಪಾಕ್ ಹತ್ತಿಯ ಹೊದಿಕೆಯ ಧೂಳು ಕೊಡವಿದ. "ನೋಡಿದ್ರೆ ಗೊತ್ತಾಗಲ್ವಾ?"

"ಆಳು ಯಾರದು?"

ಗುಂಪಿನಿಂದ ಓಮಕಾ ಮುಂದೆ ಬಂದ. ಸಿಪಾಕ್ ನಗುತ್ತ ಅವನತ್ತ ಬೆರಳು ಮಾಡಿದ. ಅಪ್ಪ ನಗಲಿಲ್ಲ.

"ನನ್ನದಲ್ಲ. ಬೆಳಗ್ಗೆ ಶಂಖದ ಹೊತ್ತಿಗೆ ಈ ಅಕಾತ್ಲನಿಗೆ ಕೊಟ್ಟೆ, ಅವನ ಕಾಲಿನ ಬದಲಿಗೆ." ಹಿಂದೆ ನಿಂತಿದ್ದ ನಾಲ್ವರು ಮುದುಕರನ್ನು ತೋರಿಸಿದ. "ಈ ಸಲ ಸಾಕ್ಷಿ ಇದ್ದಾರೆ."

ಸಿಪಾಕ್ ಅಕಾತ್ಲನತ್ತ ತಿರುಗಿದ. ಜೀವಮಾನದಲ್ಲಿ ಮೊದಲ ಬಾರಿ ಅವನ ಮುಖವನ್ನು ನೇರವಾಗಿ ನೋಡಿದ.

"ಅದನ್ನೇ ಹೇಳೋಕೆ ಕೂಗಿದ್ದು, ಬುದ್ಧಿ," ಎಂದ ಅಕಾತ್ಲ. ಆಮೇಲೆ ತಿದ್ದಿಕೊಂಡ. "ಕಣೋ."

ತೋಚ್‌ನ ಕೊರಳಪಟ್ಟಿ ಬಿಚ್ಚಿದರು. ಅವನು ಹೊಸ್ತಿಲು ದಾಟಿದ. ಕಾವಲುಗಾರರು ಅದೇ ಪಟ್ಟಿಯನ್ನು ಸಿಪಾಕ್‌ನ ಕುತ್ತಿಗೆಗೆ ತೊಡಿಸಿದರು. ಅಲ್ಲಾಡಲಿಲ್ಲ.

ಒಳಸುತ್ತು ಸರಿಯಾಗಿ ಎರಡು ಗೇಣು.