ದೋಣಿಯೊಳಗಿನ ಶೇಗಡಿ

ಇದ್ದಿಲಿನ ವಾಸನೆ ಬಂದರೆ ಈಗಲೂ ನನ್ನ ಕೈ ತಾನಾಗಿ ಕಿಟಕಿಯ ಚಿಲಕಕ್ಕೆ ಹೋಗುತ್ತದೆ.

ನಾನು ಎರಡನೇ ಇಯತ್ತೆಯಲ್ಲಿದ್ದ ಚಳಿಗಾಲ. ಬಾಣಂತಿ ಅವ್ವನನ್ನೂ ಕೂಸನ್ನೂ ಹೊಳೆಯಾಚೆಯ ತವರಿನಿಂದ ರಬಕವಿಗೆ ಕರೆತರಬೇಕಿತ್ತು. ಅಪ್ಪ ತನ್ನ ಹಾಯಿದೋಣಿಯ ಪುಟ್ಟ ಕೋಣೆಯನ್ನು ಬೆಚ್ಚಗೆ ಮಾಡಲು ಸೀಮೆಎಣ್ಣೆ ಸ್ಟೋವ್ ಇಡೋಣವೆಂದ. ಅಜ್ಜಿ ಇದ್ದಿಲು ಉರಿಸುವ ಕಬ್ಬಿಣದ ಶೇಗಡಿಯೇ ಆಗಬೇಕೆಂದಳು. ಅಪ್ಪ ಹಲಗೆಗೆ ತಗಡು ಬಡಿದು, ಶೇಗಡಿಯನ್ನು ಅದರ ಮೇಲೆ ತಂತಿಯಿಂದ ಬಿಗಿದ.

"ಹೊಗಿ ಹೋಗಾಕ ಮ್ಯಾಲೊಂದು ತೂತು ಕೊರಿತೇನಿ," ಎಂದ.

"ಬ್ಯಾಡ. ಬಾಣಂತಿಗೆ ಗಾಳಿ ಬಡೀತೈತಿ," ಎಂದು ಅಜ್ಜಿ ಕಿಟಕಿಗೂ ಕೌದಿ ತುರುಕಿದಳು.

ಮರಳುವಾಗ ಅಪ್ಪ ಹೊರಗೆ ಚುಕ್ಕಾಣಿ ಹಿಡಿದಿದ್ದ. ನಾವು ಒಳಗಿದ್ದೆವು, ಅಜ್ಜಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ನಡುಹೊಳೆಯಲ್ಲಿ ನನ್ನ ತಲೆ ಭಾರವಾಯಿತು. ಅಳುತ್ತಿದ್ದ ಕೂಸು ಸುಮ್ಮನಾಯಿತು.

"ಅತ್ತಿ, ಬಾಗಲಾ ತಗೀರಿ," ಎಂದಳು ಅವ್ವ.

"ಸುಮ್ನ ಕುಂಡ್ರ. ದಂಡಿ ಬಂತು."

ಎಂದೂ ಎದುರಾಡದ ಅವ್ವ ಎದ್ದು, ಅಜ್ಜಿಯ ರಟ್ಟೆ ಹಿಡಿದು ಬದಿಗೆ ಸರಿಸಿ, ಬಾಗಿಲನ್ನು ಒದ್ದು ತೆರೆದಳು. ತಣ್ಣನೆಯ ಗಾಳಿ ತಾಗಿದ್ದೇ ಕೂಸು ಚೀರಿತು. ಅವ್ವ ಕೂಸನ್ನೆತ್ತಿಕೊಂಡು ನನ್ನನ್ನೂ ಹೊರಗೆಳೆದು, ತನ್ನ ತಲೆಗೆ ಸುತ್ತಿದ್ದ ಬಾಣಂತಿ ಬಟ್ಟೆಯನ್ನು ಹೊಳೆಗೆಸೆದು, ಹಾಯಿಯ ಬುಡದಲ್ಲಿ ಕೂತಳು. ಅಪ್ಪ ತನ್ನ ಕಂಬಳಿ ಕೊಟ್ಟ.

"ಒಳಗ ಬಾ," ಅಜ್ಜಿ ಕರೆದಳು.

ಅವ್ವ ತಿರುಗಿ ನೋಡಲಿಲ್ಲ. "ಬರಂಗಿಲ್ರೀ," ಎಂದಳು.