ಧೂಳಿಗೊಂದು ಪ್ರಾಸ

"ಡಸ್ಟ್‌ಗೆ ಟ್ರಸ್ಟ್ ಹಾಕು ಅಂದ್ರೆ ಹಾಕಬೇಕಷ್ಟೆ, ಅಮ್ಮಣ್ಣಿ! ರಸ್ಟ್ ಇದೆ, ಮಸ್ಟ್ ಇದೆ. ಎಲ್ಲ ಬಿಟ್ಟು 'ಇನಫ್' ಅಂತೀಯಲ್ಲ, ಕಿವಿ ಕೆಟ್ಟಿದೆಯಾ?" ನ್ಯಾಶ್‌ವಿಲ್‌ನ ಹಾಡಿನ ಕಂಪನಿಯ ಯಜಮಾನ ರಾಸ್ಕೋ ಪ್ರಾಸದ ದಪ್ಪ ನಿಘಂಟನ್ನು ಹಾಡು ಬರೆಯುವ ಡೆಲ್ಮಾಳ ಮುಂದೆ ಕುಕ್ಕಿದ.

"ಡಸ್ಟ್, ಇನಫ್ ಎರಡರಲ್ಲೂ 'ಅ' ಸ್ವರ ಒಂದೇ, ನನಗಷ್ಟು ಸಾಕು," ಎಂದಳು ಡೆಲ್ಮಾ. "ನಮ್ಮಪ್ಪ ಕಲ್ಲಿದ್ದಲ ಧೂಳು ಕುಡಿದು ಸತ್ತ. ಕೊನೇ ಉಸಿರಲ್ಲಿ 'ಇನಫ್' ಅಂದ. ಗಣಿಯವರನ್ನ ನಂಬಿದ್ದೆ ಅಂತ ಅವನ ಬಾಯಿಗೆ ನೀನ್ಯಾಕಯ್ಯಾ ತುರುಕ್ತೀಯ?"

"ಸತ್ತವರು ಹಾಡು ಕೇಳಲ್ಲ. ನಾಳೆ ರೆಕಾರ್ಡಿಂಗು, ದೊಡ್ಡ ಗಾಯಕ ಹಾಡ್ತಾನೆ. ಇದಕ್ಕೇ ಹತ್ತು ವರ್ಷ ಕಾದಿದ್ದೀಯ. ಟ್ರಸ್ಟ್ ಬರಿ, ಇಲ್ಲಾಂದ್ರೆ ಹಾಡೇ ಇಲ್ಲ."

ಆ ಹತ್ತು ವರ್ಷವೂ ಡೆಲ್ಮಾ ಈ ಕಚೇರಿಗೆ ಬಂದ ಕೂಡಲೇ ಅಪ್ಪನ ಗಣಿಯ ಹಿತ್ತಾಳೆ ಬಿಲ್ಲೆಯನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕುತ್ತಿದ್ದಳು, ಹೋಗುವಾಗ ತೆಗೆದುಕೊಳ್ಳುತ್ತಿದ್ದಳು. ಕೆಂಟಕಿಯ ಗಣಿಗೆ ಇಳಿಯುವವರು ಹಾಗೆಯೇ ಮಾಡುತ್ತಿದ್ದರು. ಬಿಲ್ಲೆ ಮೊಳೆಯಲ್ಲಿದ್ದರೆ ಆಳು ಇನ್ನೂ ಒಳಗಿದ್ದಾನೆ ಎಂದರ್ಥ. ರಾಸ್ಕೋ ಅದನ್ನು ಯಾವುದೋ ತಾಯಿತ ಎಂದುಕೊಂಡಿದ್ದ.

ಡೆಲ್ಮಾ ನಿಘಂಟನ್ನು ಮುಚ್ಚಿ ಅವನ ಕಡೆ ತಳ್ಳಿದಳು. ಹಾಡಿನ ಹಾಳೆಯನ್ನು ಮಡಚಿ ಜೇಬಿಗಿಟ್ಟು ಗಿಟಾರನ್ನು ಹೆಗಲಿಗೇರಿಸಿಕೊಂಡಳು. ಆಮೇಲೆ ಬಿಲ್ಲೆಯನ್ನು ಮೊಳೆಯಿಂದ ತೆಗೆದು ಕೊರಳಿಗೆ ಹಾಕಿಕೊಂಡಳು.

"ಹೋಗು, ಕಾಫಿ ಕುಡಿದು ತಣ್ಣಗಾಗಿ ಬಾ," ಎಂದು ರಾಸ್ಕೋ ನಕ್ಕ.

ಅವಳು ತಿರುಗಿ ನೋಡಲಿಲ್ಲ. ಆ ಮೊಳೆಗೆ ಬಿಲ್ಲೆ ಮತ್ತೆಂದೂ ಏರಲಿಲ್ಲ.