ನಲವತ್ತರ ಮಿತಿ

ಹೂವಿನಹಡಗಲಿಯ ಮಲ್ಲಿಗೆ ಮಂಡಿಯಲ್ಲಿ ಕಂಪ್ಯೂಟರ್ ಹರಾಜು ಇವತ್ತೂ ನಡುವೆಯೇ ನಿಂತಿತು. ದಲ್ಲಾಳಿ ಪಾಲಣ್ಣನ ಟವೆಲ್ ಅದಕ್ಕೂ ಮೊದಲೇ ಹೆಗಲಿನಿಂದ ಕೈಗೆ ಇಳಿದಿತ್ತು. ಹರಾಜು ಕೈಕೊಟ್ಟರೆ ಟವೆಲಿನಡಿ ಬೆರಳು ಹಿಡಿದು ದರ ಕಟ್ಟುವುದು ಇಲ್ಲಿಯ ರೂಢಿ. ಆ ದರ ಬೆರಳು ಹಿಡಿದವರಿಗಷ್ಟೇ ಗೊತ್ತು.

“ಪ್ರೋಗ್ರಾಂ ಬರಿಯಾಕ ಬರದಿದ್ರ ಮನ್ಯಾಗಿರಬೇಕವ್ವ,” ಎಂದು ಪಾಲಣ್ಣ, ಹರಾಜಿನ ಪ್ರೋಗ್ರಾಂ ಬರೆದ ಸಮತಾಳಿಗೆ ಚುಚ್ಚಿದ.

ಸರ್ವರ್ ನೋಡಿಕೊಳ್ಳುವ ಹುಲುಗೇಶ ತನ್ನ ಲ್ಯಾಪ್‌ಟಾಪನ್ನು ಅವಳತ್ತ ತಿರುಗಿಸಿದ. “ನೋಡ್ರಿ ಮೇಡಂ, ಸಿಸ್ಟಮ್ಮು ಸಾವಿರ ಮಂದೀನ ಒಳಗ ಬಿಡತೈತಿ. ತಪ್ಪು ನಿಮ್ದ.”

“ಅದು ನಿಮ್ಮ ಲಾಗಿನ್ನಿಗೆ ಇರೋ ಮಿತಿ. ನನ್ನ ಪ್ರೋಗ್ರಾಮಿಗೆ ಎಷ್ಟು ಕೊಟ್ಟೀರಿ ಅಂತ ಸಿಸ್ಟಮ್ಮನ್ನ ಕೇಳೋಣು.”

ಪ್ರೋಗ್ರಾಂ ಓಡುತ್ತಿರುವಾಗಲೇ ತನ್ನ ಮಿತಿಯನ್ನು ಸಿಸ್ಟಮ್ಮಿನಿಂದ ಕೇಳಿ ತಿಳಿಯುವ ಸಾಲೊಂದನ್ನು ಸಮತಾ ಬೆಳಿಗ್ಗೆಯೇ ಸೇರಿಸಿದ್ದಳು. ಈಗ ಗುಂಡಿ ಒತ್ತಿದಳು. ಮಂಡಿಯ ದೊಡ್ಡ ಪರದೆಯ ಮೇಲೆ ಎಲ್ಲರೆದುರು ಉತ್ತರ ಮೂಡಿತು: ನಲವತ್ತು. ಅದಕ್ಕಿಂತ ಒಬ್ಬ ಖರೀದಿದಾರ ಹೆಚ್ಚಾದರೂ ಸಾಕು, ಹರಾಜು ನಿಲ್ಲಲೇಬೇಕು.

“ಈ ನಲವತ್ತು ಹಾಕಿದೋರು ಯಾರ್ರಿ?”

ಹುಲುಗೇಶನ ಕಣ್ಣು ಪಾಲಣ್ಣನತ್ತ ಹೋಯಿತು. ಹೂ ಮಾರಲು ಬಂದಿದ್ದ ದ್ಯಾಮಕ್ಕ ಅದನ್ನು ನೋಡಿದಳು. ಎದ್ದು ಬಂದವಳೇ ಪಾಲಣ್ಣನ ಕೈಯಿಂದ ಟವೆಲ್ ಕಸಿದು, ನೀರಿನ ಬಕೆಟ್ಟಿನಲ್ಲಿ ಅದ್ದಿ ಹಿಂಡಿ, ತನ್ನ ಮಲ್ಲಿಗೆ ಬುಟ್ಟಿಗೆ ಹೊದಿಸಿದಳು.

“ಈಗ ಎಲ್ರಿಗೂ ಕೇಳಂಗ ಕೂಗೋ ಪಾಲಣ್ಣ, ದರಾನ.”